ಚಂದಾ ಎತ್ತುವ ಮುಂಚೆ ಇಎಸ್‌ಐ ಕಾರ್ಡ್ ನೋಡಿ

ಪ್ರಶ್ನೆ: ಮೇಡಂ, ನಾವು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರು. ನಮ್ಮ ಲೈನಿನಲ್ಲಿ ಟೈಲರ್ ಆಗಿರುವ ಅಕ್ಕನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿದೆ. ಗಂಡ ಬಿಟ್ಟು ಹೋಗಿ ಬಹಳ ವರ್ಷವಾಯಿತು, ಎಂಟನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ. ಪ್ರೈವೇಟ್ ಆಸ್ಪತ್ರೆಯಲ್ಲಿ ಬರೀ ಟೆಸ್ಟ್‌ಗಳಿಗೇ ಓಲೆ, ಸರ ಅಡ ಇಟ್ಟಿದ್ದಾರೆ. ಮುಂದೆ ಲಕ್ಷಗಟ್ಟಲೆ ಆಗುತ್ತದಂತೆ. ನಾವೆಲ್ಲ ಸೇರಿ ಚಂದಾ ಎತ್ತುತ್ತಿದ್ದೇವೆ. ಅವರದ್ದು, ಮಕ್ಕಳದ್ದು ಫೋಟೊ ಹಾಕಿ ವಾಟ್ಸ್ಯಾಪ್‌ನಲ್ಲಿ ಕಳಿಸೋಣ ಅಂತ ಕೆಲವರು ಹೇಳುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಮಂಡ್ಯ ಜಿಲ್ಲೆ

ಫೋಟೊ ಕಳಿಸುವುದು ಸದ್ಯಕ್ಕೆ ಬೇಡ. ಆ ಎಂಟನೇ ಕ್ಲಾಸಿನ ಹುಡುಗಿ ನಾಳೆ ಸ್ಕೂಲಿಗೆ ಹೋಗಬೇಕು, ಅಲ್ವಾ? ಅಕ್ಕನನ್ನು ಕೇಳದೆ ಅಂತೂ ಕಳಿಸಲೇಬೇಡಿ.

ನಿಮ್ಮ ಪತ್ರದಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ, ಅನ್ನುವ ಮಾತೇ ಇಲ್ಲ! ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಫ್ಯಾಕ್ಟರಿ ಇಎಸ್‌ಐ ಕಟ್ಟುತ್ತದೆ, ನಿಮ್ಮ ಪೇ ಸ್ಲಿಪ್‌ನಲ್ಲೇ ಹಿಡಿದಿರುತ್ತಾರೆ ನೋಡಿ. ಬಯಾಪ್ಸಿ ರಿಪೋರ್ಟ್ ಹಿಡಿದು ಅಕ್ಕನನ್ನು ಇಎಸ್‌ಐ ಡಿಸ್ಪೆನ್ಸರಿಗೆ ಕರೆದುಕೊಂಡು ಹೋಗಿ, ಅವರು ಇಎಸ್‌ಐ ಆಸ್ಪತ್ರೆಗೆ ಬರೆದುಕೊಡುತ್ತಾರೆ, ಅಲ್ಲಿ ಆಗದ ಚಿಕಿತ್ಸೆಗೆ ಒಪ್ಪಂದ ಇರುವ ದೊಡ್ಡ ಆಸ್ಪತ್ರೆಗೆ ಅವರೇ ಕಳಿಸುತ್ತಾರೆ. ದುಡ್ಡು ಕಟ್ಟಬೇಕಿಲ್ಲ. ಅಲೆದಾಟ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಈ ದಾರಿ ಬಿಟ್ಟು ತಾವಾಗಿಯೇ ಪ್ರೈವೇಟ್‌ಗೆ ಸೇರಿ ಆಮೇಲೆ ಬಿಲ್ ಕೊಟ್ಟರೆ ಹಣ ವಾಪಸ್ ಬರುವುದು ಬಹಳ ಕಷ್ಟ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ. ಕಾಯಿಲೆಗೆ ಅಂತ ರಜೆಯಲ್ಲಿರುವಾಗ ಸಂಬಳದ ಬದಲು ಇಎಸ್‌ಐ ಹಣ ಕೊಡುತ್ತದೆ. ಮೊದಲು 91 ದಿನದವರೆಗೆ ಸಂಬಳದ ಶೇ 70. ಅಲ್ಲಿಗೇ ನಿಲ್ಲುವುದಿಲ್ಲ, ಕ್ಯಾನ್ಸರ್‌ನಂಥ ಕಾಯಿಲೆಗೆ ಅದಾದ ಮೇಲೂ ಶೇ 80ರಂತೆ ಕೊಡುತ್ತಾರೆ, ಎಲ್ಲ ಸೇರಿ ಎರಡು ವರ್ಷದವರೆಗೂ ಸಿಗಬಹುದು. ಇದಕ್ಕೆ ಎರಡು ವರ್ಷ ಸರ್ವಿಸ್ ಆಗಿರಬೇಕು, ವಂತಿಗೆ ಸರಿಯಾಗಿ ಕಟ್ಟಿರಬೇಕು. ಹಾಗಾಗಿ ‘ಸುಮ್ನೆ ರಿಸೈನ್ ಮಾಡಿ ಪಿಎಫ್ ತಗೊಂಡು ಹೋಗಮ್ಮ’ ಅಂತ ಯಾರಾದರೂ ಪೇಪರ್ ಮುಂದಿಟ್ಟರೆ ಅಕ್ಕ ಸಹಿ ಹಾಕಬಾರದು. ಕೆಲಸ ಬಿಟ್ಟರೆ ಈ ಹಣಕ್ಕೇ ಕುತ್ತು. ಪಿಎಫ್‌ನಿಂದ ಕಾಯಿಲೆಗೆ ಅಂತ ದುಡ್ಡು ತೆಗೆಯಲು ಕೆಲಸ ಬಿಡಬೇಕಿಲ್ಲ, ಅದನ್ನು ವಾಪಸ್ ಕಟ್ಟುವುದೂ ಬೇಡ.

ಹಾಗಾದರೆ ಚಂದಾ ಬೇಡವಾ? ಬೇಕು, ಆದರೆ ಆಸ್ಪತ್ರೆ ಬಿಲ್ಲಿಗೆ ಸುರಿಯಬೇಡಿ, ಅದು ಎಷ್ಟು ಹಾಕಿದರೂ ಸಾಲದು. ಮನೆ ಬಾಡಿಗೆ, ಹಾಲು, ಗ್ಯಾಸ್ ಸಿಲಿಂಡರ್, ಅಡವಿನ ಬಡ್ಡಿ – ಇವಕ್ಕೆ ಯಾವ ಸ್ಕೀಮೂ ಬರುವುದಿಲ್ಲ. ಒಂದೇ ಸಲ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳಿಗೆ ತಲೆಗೆ ನೂರು ರೂಪಾಯಿ ಹಾಕಿ, ಚಿಕಿತ್ಸೆ ಮುಗಿಯುವ ತನಕ.

ಮನೆಯಲ್ಲಿ ತುರ್ತಿಗೆ ಅಂತ ಆಟೋ ದುಡ್ಡು ಬೇರೆ ಎತ್ತಿಡಿ. ಕೀಮೋ (ಕ್ಯಾನ್ಸರ್ ಔಷಧಿ) ಆಗಿ ವಾರ ಹತ್ತು ದಿನಕ್ಕೆ ಸೋಂಕು ತಡೆಯುವ ಬಿಳಿ ರಕ್ತಕಣ ಇಳಿಯುತ್ತವೆ, ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಮಲಗುವ ಹಾಗಿಲ್ಲ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು. ದುಡ್ಡಿಲ್ಲ ಅಂತ ಬೆಳಗಿನ ತನಕ ಕಾಯುವ ತಾಯಂದಿರೇ ಜಾಸ್ತಿ. ಕೀಮೋ ಆದ ಮೊದಲ ಕೆಲವು ದಿನ ಮಕ್ಕಳ ಊಟ ನಿಮ್ಮಲ್ಲಿ ಯಾರದ್ದಾದರೂ ಮನೆಯಿಂದ ಬರಲಿ. ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುವ ದಿನಗಳವು, ಅವರು ಒಲೆ ಮುಂದೆ ನಿಲ್ಲುವುದು ಆಗದ ಮಾತು.

ಪ್ರಶ್ನೆ: ತಂಗಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಗಂಡ ತೀರಿಕೊಂಡಿದ್ದಾನೆ, ಕೂಲಿ ಮಾಡುತ್ತಾಳೆ, ಒಬ್ಬಳು ಮಗಳು. ಬಿಪಿಎಲ್ ಕಾರ್ಡ್ ಇದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕರೆಂಟ್ (ರೇಡಿಯೇಷನ್) ಕೊಡಿಸಬೇಕು ಅಂದಿದ್ದಾರೆ. ಸಾಲ ಮಾಡಬೇಕಾ?
– ರಾಯಚೂರು

ಚಿಕಿತ್ಸೆಗೆ ಅಂತ ಈಗಲೇ ಬಡ್ಡಿ ಸಾಲ ಮಾಡಬೇಡಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡ್, ಆಧಾರ್ ಎರಡರಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಊರಲ್ಲೇ ನೋಡಿಕೊಂಡು ಹೊರಡಿ, ಬೆಂಗಳೂರಿಗೆ ಹೋದ ಮೇಲೆ ತಪ್ಪು ಕಂಡರೆ ಮತ್ತೆ ರಾಯಚೂರಿಗೆ ಓಡಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಮೊದಲು ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಹುಡುಕಿ, ಕ್ಯಾಷ್ ಕೌಂಟರ್ ಆಮೇಲೆ. ಕೈಯಿಂದ ಕಟ್ಟಿದ ದುಡ್ಡನ್ನು ಈ ಯೋಜನೆ ವಾಪಸ್ ಕೊಡುವುದಿಲ್ಲ.

ನಿಮಗೆ ನಿಜವಾದ ಖರ್ಚು ಬೆಂಗಳೂರಿನಲ್ಲಿ ಉಳಿಯುವುದು. ಇಂಥ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ಕರೆಂಟ್ ಇರುತ್ತದೆ, ದಿನಾ ಕೆಲವೇ ನಿಮಿಷ, ಆದರೆ ಊರಿಗೆ ಹೋಗಿ ಬರುವ ಹಾಗಿಲ್ಲ. ಕಿದ್ವಾಯಿ ಆವರಣದಲ್ಲೇ ಧರ್ಮಶಾಲೆ ಇದೆ, ಮೊದಲ ದಿನವೇ ಜಾಗ ಕೇಳಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರಿಗೆ ಶೇ 75. ಅದಕ್ಕೆ ಆಸ್ಪತ್ರೆಯಿಂದ ರೈಲ್ವೆ ಫಾರಂ ಬರೆಸಿಕೊಳ್ಳಬೇಕು.

ಮಗಳನ್ನು ನೀವು ನೋಡಿಕೊಳ್ಳುತ್ತಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಕೇಳಿ. ವಿಧವೆಯರ ಮಕ್ಕಳಿಗೆ, ಅಪ್ಪ ಅಮ್ಮನಿಗೆ ಜೀವಕ್ಕೆ ಅಪಾಯದ ಕಾಯಿಲೆ ಇರುವ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಕೊಡುವ ಯೋಜನೆ ಅದು. ಹಳ್ಳಿಯವರಿಗೆ ವರ್ಷದ ಆದಾಯ 72,000 ರೂಪಾಯಿ ದಾಟಿರಬಾರದು. ತಂಗಿ ವಾಪಸ್ ಬರಲಿ ಅಂತ ಕಾಯಬೇಡಿ. ಅವಳು ಬೆಂಗಳೂರಿಗೆ ಹೊರಡುವ ಮುಂಚೆಯೇ ಅರ್ಜಿಗೆ ಸಹಿ ಹಾಕಿಸಿ, ಗಂಡನ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಬಯಾಪ್ಸಿ ರಿಪೋರ್ಟ್ ಮೂರರದ್ದೂ ಜೆರಾಕ್ಸ್ ಇಟ್ಟುಕೊಂಡಿರಿ.