ನಲವತ್ನಾಲ್ಕರಲ್ಲಿ ಶುರುವಾದ ದಮ್ಮು: ಬೇಕರಿ ಕೆಲಸಗಾರರೊಬ್ಬರ ಪ್ರಕರಣ

(ಒಂದೇ ಬಗೆಯ ಹಲವು ಪ್ರಕರಣಗಳನ್ನು ಬೆಸೆದು ಬರೆದದ್ದು. ಹೆಸರು, ಮನೆಯ ವಿವರ ಬದಲಿಸಲಾಗಿದೆ. ಇಲ್ಲಿ ಬರುವ ಔಷಧಿಯ ಪ್ರಮಾಣ ಈ ಪ್ರಕರಣಕ್ಕೆ ವೈದ್ಯರು ಬರೆದದ್ದು. ಎಲ್ಲರಿಗೂ ಅದೇ ಅಲ್ಲ.)

ಮಂಜಣ್ಣನವರಿಗೆ 44 ವರ್ಷ. ಹಾಸನದ ಕಡೆಯವರು, ಮೀಸೆ ಮೂಡುವ ಮುಂಚೆಯೇ ಬೆಂಗಳೂರಿಗೆ ಬಂದು ಬೇಕರಿ ಸೇರಿದವರು. ಈಗ ಹಿಟ್ಟು ಕಲಸುವುದರಿಂದ ಹಿಡಿದು ಭಟ್ಟಿಗೆ ಟ್ರೇ ತಳ್ಳುವವರೆಗೆ ಒಳಗಿನ ಕೆಲಸವೆಲ್ಲ ಅವರದೇ ಉಸ್ತುವಾರಿ. ಬೆಳಗಿನ ಜಾವ ಮೂರೂವರೆಗೆ ಶುರು, ಮಧ್ಯಾಹ್ನ ಹನ್ನೆರಡಕ್ಕೆ ಬಿಡುವು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಚಿಕ್ಕಂದಿನಲ್ಲಿ ಉಬ್ಬಸ ಇರಲಿಲ್ಲ, ಮನೆತನದಲ್ಲೂ ಯಾರಿಗೂ ಇಲ್ಲ. ಒಂದೂವರೆ ವರ್ಷದಿಂದ ಬಿಡದ ಕೆಮ್ಮು, ಸಂಜೆಯಾದರೆ ಎದೆ ಬಿಗಿತ, ಮಲಗಿದ ಮೇಲೆ ಸುಂಯ್ ಎನ್ನುವ ಸದ್ದಿಗೆ ತಮಗೇ ಎಚ್ಚರ.

ಅಷ್ಟರಲ್ಲಿ ಮೆಡಿಕಲ್ ಶಾಪಿನ ಕೆಮ್ಮಿನ ಸಿರಪ್ಪು, ಎರಡು ಮೂರು ಸುತ್ತು ಆಂಟಿಬಯೋಟಿಕ್, ಕೊನೆಗೆ ಶ್ವಾಸನಾಳ ಸಡಿಲಿಸುವ ಸಾಲ್ಬ್ಯುಟಮಾಲ್ ಮಾತ್ರೆ ದಿನಕ್ಕೆರಡು, ಎಲ್ಲ ಆಗಿತ್ತು. ಎರಡು ವಾರ ಮೀರಿದ ಕೆಮ್ಮೆಂದರೆ ನಮ್ಮಲ್ಲಿ ಮೊದಲು ಕ್ಷಯಕ್ಕೆ ಕಫ ಪರೀಕ್ಷೆ ಆಗಲೇಬೇಕು. ಅದರಲ್ಲಿ ಏನೂ ಸಿಗಲಿಲ್ಲ. ಎಕ್ಸ್‌ರೇ, ಇಸಿಜಿ ಸರಿಯಿದ್ದವು. ಬಿಪಿ ಮಾತ್ರೆಗಳಲ್ಲಿ ಎನಾಲಪ್ರಿಲ್, ರಾಮಿಪ್ರಿಲ್ ಗುಂಪಿನವು ಕೆಲವರಿಗೆ ಒಣಕೆಮ್ಮು ತರುತ್ತವೆ, ಹಾಗಾಗಿ ಅದನ್ನೂ ಕೇಳಿದ್ದಾಯಿತು. ಅವರಿಗೆ ಬಿಪಿ ಇರಲಿಲ್ಲ. ಸ್ಪೈರೋಮೆಟ್ರಿಯಲ್ಲಿ (ಊದಿಸಿ ಶ್ವಾಸಕೋಶದ ಬಲ ಅಳೆಯುವ ಪರೀಕ್ಷೆ) ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ 2.1 ಲೀಟರ್ ಬಂತು. ಸಾಲ್ಬ್ಯುಟಮಾಲ್ 4 ಪಫ್ ಕೊಟ್ಟು ಹದಿನೈದು ನಿಮಿಷ ಬಿಟ್ಟು ಊದಿಸಿದರೆ 2.5 ಲೀಟರ್. ಶೇ. 12 ಮತ್ತು 200 ಮಿ.ಲೀ., ಎರಡನ್ನೂ ದಾಟಿ ಏರಿದರೆ ಅಸ್ತಮಾ ಕಡೆಗೆ ಬೊಟ್ಟು. ಇಲ್ಲಿ ಏರಿಕೆ ಶೇ. 19. ಬಯಸದೇ ಬಂದ ಕಾಯಿಲೆಗೆ ಹೆಸರು ಸಿಕ್ಕಿತು.

ಅವರು ಆಪ್ತಸಲಹೆಗೆ ಬಂದದ್ದು ಅದಾದ ಮೇಲೆ. ಇನ್‌ಹೇಲರ್ ಬರೆದುಕೊಟ್ಟಿದ್ದರೂ ಮುಂದಿನ ಭೇಟಿಗೆ ಅವರು ಡಬ್ಬಿಯ ಸೀಲು ಒಡೆಯದೆಯೇ ತಂದಿದ್ದರು.

"ಮೇಡಂ, ಒಂದ್ಸಲ ಪಂಪ್ ಹಿಡಿದ್ರೆ ಸಾಯೋವರ್ಗೂ ಬಿಡಕ್ಕಾಗಲ್ಲ ಅಂತಾರೆ. ಮಾತ್ರೇಲೇ ನಡೀತಾ ಇದ್ಯಲ್ಲ" ಎಂದರು. ಅವರ ಹೆಂಡತಿಯ ಚಿಂತೆಯೇ ಬೇರೆ: ಮಗಳಿಗೆ ಗಂಡು ನೋಡುತ್ತಿದ್ದರು, "ದಮ್ಮಿನ ಮನೆತನ ಅಂದ್ಬಿಡ್ತಾರೆ" ಎಂಬ ಭಯ. ಇಂಥ ಭಯವನ್ನು ತಪ್ಪು ಕಲ್ಪನೆ ಎಂದು ತಳ್ಳಿಹಾಕಿದರೆ ಮುಂದಿನ ಸಲ ಗಂಡ ಹೆಂಡತಿ ಇಬ್ಬರೂ ಬರುವುದಿಲ್ಲ. ಅದಕ್ಕೇ ಮಾತ್ರೆಯ ಹಾಳೆ ಮತ್ತು ಇನ್‌ಹೇಲರ್ ಡಬ್ಬಿ ಎರಡನ್ನೂ ಮೇಜಿನ ಮೇಲಿಟ್ಟು, ಮೇಲೆ ಅಚ್ಚಾಗಿದ್ದ ಸಂಖ್ಯೆ ಅವರಿಂದಲೇ ಓದಿಸಲಾಯಿತು. ಮಾತ್ರೆಯಲ್ಲಿ ಸಾಲ್ಬ್ಯುಟಮಾಲ್ 4 ಮಿಲಿಗ್ರಾಂ. ಅದೇ ಔಷಧಿ ಪಂಪಿನಲ್ಲಾದರೆ ಒಂದು ಪಫ್‌ಗೆ 100 ಮೈಕ್ರೋಗ್ರಾಂ. ಒಂದು ಮಾತ್ರೆಯೆಂದರೆ 40 ಪಫ್! ಮಾತ್ರೆ ಹೊಟ್ಟೆ ಸೇರಿ, ರಕ್ತದಲ್ಲಿ ಮೈಯೆಲ್ಲ ಸುತ್ತಿ ಶ್ವಾಸನಾಳಕ್ಕೆ ಬರುತ್ತದೆ. ಅವರ ಕೈನಡುಕ, ಎದೆ ಡವಡವ ಎಲ್ಲ ಅಲ್ಲಿಂದಲೇ. ಪಂಪು ಬೇಕಾದ ಜಾಗಕ್ಕೆ ನೇರವಾಗಿ ಬೀಳುತ್ತದೆ. ಮಂಜಣ್ಣ ತೂಕ, ಅಳತೆಯ ಮನುಷ್ಯ. ಈ ಲೆಕ್ಕ ಅವರಿಗೆ ಹಿಡಿಸಿತು.

ಹೆಂಡತಿಗೆ ಹೇಳಿದ್ದು ಇಷ್ಟು: ಇದು ಅಂಟುರೋಗವಲ್ಲ, ಇವರ ವಿಷಯದಲ್ಲಿ ಮನೆತನದ ಸುಳಿವೂ ಇಲ್ಲ. ಬೀಗರ ಮನೆಯಲ್ಲಿ ಎಳೆಯುವ ಪಂಪಿಗಿಂತ ರಾತ್ರಿಯಿಡೀ ಎಳೆಯುವ ದಮ್ಮೇ ಹೆಚ್ಚು ಕಿವಿಗೆ ಬೀಳುತ್ತದೆ.

ವೈದ್ಯರು ಬರೆದದ್ದು ಬ್ಯುಡೆಸೊನೈಡ್ (ಉರಿಯೂತ ಇಳಿಸುವ ಸ್ಟೀರಾಯ್ಡ್) 200, ಫಾರ್ಮೊಟೆರಾಲ್ (ನಾಳ ಸಡಿಲಿಸುವ ಔಷಧಿ) 6 ಮೈಕ್ರೋಗ್ರಾಂ ಇರುವ ಇನ್‌ಹೇಲರ್. ಬೆಳಿಗ್ಗೆ ಒಂದು, ರಾತ್ರಿ ಒಂದು ಪಫ್, ನಡುವೆ ಉಸಿರು ಕಟ್ಟಿದರೆ ಅದೇ ಇನ್‌ಹೇಲರಿನಲ್ಲಿ ಇನ್ನೊಂದು. ಸಾಲ್ಬ್ಯುಟಮಾಲ್ ಬಿಗಿದ ನಾಳವನ್ನು ತಾತ್ಕಾಲಿಕವಾಗಿ ಸಡಿಲಿಸುತ್ತದೆ, ಒಳಗಿನ ಉರಿಯೂತವನ್ನು ಮುಟ್ಟುವುದೇ ಇಲ್ಲ. 2019ರಿಂದ ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ ಸಾಲ್ಬ್ಯುಟಮಾಲ್ ಒಂದರಲ್ಲೇ ಕಾಲ ಹಾಕಬೇಡಿ ಎನ್ನುತ್ತಿರುವುದು ಇದಕ್ಕೇ. ಸ್ಟೀರಾಯ್ಡ್ ಎಂದೊಡನೆ ಬೆಚ್ಚುವವರಿಗೂ ಅದೇ ಅಳತೆಯ ಮಾತು: ದಮ್ಮು ಜೋರಾಗಿ ಆಸ್ಪತ್ರೆ ಸೇರಿದರೆ ಕೊಡುವ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂ, ಇಲ್ಲಿರುವುದು ದಿನಕ್ಕೆ 400 ಮೈಕ್ರೋಗ್ರಾಂ. ಎರಡು ಒಂದೇ ಔಷಧಿಯಲ್ಲ ನಿಜ, ಆದರೆ ಯಾವುದಕ್ಕೆ ಹೆದರಬೇಕೆಂಬುದು ತಿಳಿಯುತ್ತದೆ.

ಎಳೆದು ತೋರಿಸಿ ಎಂದಾಗ ಮಂಜಣ್ಣ ಹೆಚ್ಚಿನವರು ಮಾಡುವುದನ್ನೇ ಮಾಡಿದರು: ಒತ್ತಿದ ಮೇಲೆ ಎಳೆದರು, ಔಷಧಿ ಬಾಯಿಂದ ಹೊಗೆಯಾಗಿ ಹೊರಬಂತು. ಅದಕ್ಕೆ ಸ್ಪೇಸರ್, ಅಂದರೆ ಔಷಧಿಯನ್ನು ಕ್ಷಣಕಾಲ ಹಿಡಿದಿಡುವ ಪ್ಲಾಸ್ಟಿಕ್ ಕೊಳವೆ, ಸೇರಿಸಿದ್ದಾಯಿತು. ಡಬ್ಬಿ ಚೆನ್ನಾಗಿ ಅಲುಗಾಡಿಸಿ ಸ್ಪೇಸರಿಗೆ ಸಿಕ್ಕಿಸಬೇಕು. ಎದೆಯ ಗಾಳಿ ಪೂರ್ತಿ ಹೊರಬಿಟ್ಟು, ತುಟಿ ಬಿಗಿಹಿಡಿದು, ಒಂದೇ ಒಂದು ಪಫ್ ಒತ್ತಿ ನಿಧಾನವಾಗಿ ಆಳಕ್ಕೆ ಎಳೆದು ಹತ್ತು ಎಣಿಸುವವರೆಗೆ ತಡೆಯಬೇಕು. ಇನ್ನೊಂದು ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಅಲುಗಾಡಿಸಿಯೇ. ಎರಡು ಒಟ್ಟಿಗೆ ಒತ್ತಿದರೆ ಔಷಧಿ ಸ್ಪೇಸರಿನ ಗೋಡೆಗೇ ಅಂಟುತ್ತದೆ. ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಬಿಟ್ಟರೆ ನಾಲಿಗೆ, ಗಂಟಲಲ್ಲಿ ಬಿಳಿ ಬೂಷ್ಟು ಕಟ್ಟುತ್ತದೆ, ದನಿ ಒಡೆಯುತ್ತದೆ. ಸ್ಪೇಸರನ್ನು ವಾರಕ್ಕೊಮ್ಮೆ ಸೋಪಿನ ನೀರಲ್ಲಿ ಅದ್ದಿ ತೆಗೆದು ಹಾಗೇ ಒಣಗಲು ಬಿಡುವುದು. ಒಳಗೆ ಬಟ್ಟೆಯಿಂದ ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹುಟ್ಟಿ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಡಬ್ಬಿ ಖಾಲಿಯಾಯಿತೇ ಎಂದು ಅಲುಗಾಡಿಸಿ ತಿಳಿಯಲಾಗದು. ಔಷಧಿ ಮುಗಿದ ಮೇಲೂ ಅನಿಲ ಚಿಮ್ಮುತ್ತದೆ. ಎಣಿಕೆ ತೋರಿಸುವ ಕಿಂಡಿ ಇದ್ದರೆ ಅದನ್ನು ನೋಡಬೇಕು, ಇಲ್ಲದಿದ್ದರೆ ಶುರು ಮಾಡಿದ ತಾರೀಖನ್ನು ಡಬ್ಬಿಯ ಮೇಲೆ ಬರೆದಿಡಬೇಕು.

ಇಷ್ಟಾದರೂ ಕಾಯಿಲೆ ಏಕೆ ಬಂತೆಂಬುದು ಉಳಿದೇ ಇತ್ತು. ವಯಸ್ಕರಲ್ಲಿ ಹೊಸದಾಗಿ ಕಾಣಿಸುವ ಅಸ್ತಮಾದಲ್ಲಿ ತಪ್ಪದೆ ಕೇಳಬೇಕಾದ, ಆದರೆ ಅವಸರದ ಒಪಿಡಿಯಲ್ಲಿ ತಪ್ಪಿಹೋಗುವ ಪ್ರಶ್ನೆ ಒಂದಿದೆ: ಕೆಲಸಕ್ಕೆ ಹೋಗದ ದಿನ ಹೇಗಿರುತ್ತೀರಿ? ಮಂಜಣ್ಣ ತಕ್ಷಣ, "ಊರ ಜಾತ್ರೆಗೆ ಹೋದ್ರೆ ಮೂರು ದಿನಕ್ಕೇ ಹಗುರ ಆಗ್ಬಿಡುತ್ತೆ. ಬೆಂಗ್ಳೂರಿನ ಹವಾನೇ ಸರಿಯಿಲ್ಲ" ಎಂದರು. ಹೆಂಡತಿ ನಡುವೆ ಇನ್ನೊಂದು ವಿಷಯ ತೆಗೆದರು. ದಮ್ಮು ಬರುವ ಎಷ್ಟೋ ಮೊದಲಿನಿಂದ ಕೆಲಸದ ಹೊತ್ತಿನಲ್ಲಿ ಅವರಿಗೆ ಸೀನು, ಮೂಗು ಸೋರಿಕೆ, ಕಣ್ಣುರಿ ಇತ್ತಂತೆ. ಹಿಟ್ಟಿನ ಅಸ್ತಮಾದ ದಾರಿ ಹೆಚ್ಚಾಗಿ ಇದೇ: ಮೊದಲು ಮೂಗು, ಆಮೇಲೆ ಎದೆ. ವರ್ಷಗಟ್ಟಲೆ ಏನೂ ಆಗದೆ, ಒಮ್ಮೆ ಮೈ ಅದಕ್ಕೆ ತಿರುಗಿಬಿತ್ತೆಂದರೆ ಹಿಡಿ ಹಿಟ್ಟಿನ ದೂಳೂ ಸಾಕು. ಗೋಧಿಯ ಪ್ರೋಟೀನು ಒಂದು ಕಾರಣ. ಬ್ರೆಡ್ ಇಂಪ್ರೂವರ್ ಪುಡಿಯಲ್ಲಿ ಬೆರೆಸುವ ಆಲ್ಫಾ ಅಮೈಲೇಸ್ ಎಂಬ ಕಿಣ್ವ ಇನ್ನೊಂದು. ಹೊಸ ಪೀಡೆಯೇನಲ್ಲ ಇದು. ಹಿಟ್ಟಿನ ದೂಳು ಬೇಕರಿಯವರ ಉಸಿರು ಕಟ್ಟಿಸುತ್ತದೆಂದು ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಝಿನಿ 1700ರಲ್ಲೇ ಬರೆದಿದ್ದ.

ಹವೆಯೋ ಹಿಟ್ಟೋ ಎಂದು ತೀರ್ಮಾನಿಸಲು ಪೀಕ್ ಫ್ಲೋ ಮೀಟರ್ ಕೊಡಿಸಲಾಯಿತು. ಇದು ಊದುವ ಗಾಳಿಯ ವೇಗ ಅಳೆಯುವ, ಅಂಗೈ ಉದ್ದದ ಕೊಳವೆ. ನಿಂತು, ಉಸಿರು ತುಂಬಿಕೊಂಡು ಒಂದೇ ಸಲಕ್ಕೆ ಜೋರಾಗಿ ಊದಬೇಕು. ಮೂರು ಸಲ ಊದಿ ದೊಡ್ಡ ಸಂಖ್ಯೆ ಬರೆಯುವುದು. ಎದ್ದಾಗ, ಕೆಲಸದ ಮಧ್ಯೆ, ಕೆಲಸ ಬಿಟ್ಟಾಗ, ಮಲಗುವಾಗ. ನಾಲ್ಕು ವಾರ. ಒಂದು ಕರಾರು ಹಾಕಲಾಗಿತ್ತು: ನಡುವಿನ ಹತ್ತು ದಿನ ರಜೆಯನ್ನು ಊರಲ್ಲಿ ಕಳೆಯದೆ ಬೆಂಗಳೂರಿನ ಮನೆಯಲ್ಲೇ ಕಳೆಯಬೇಕು, ಔಷಧಿಯನ್ನು ಆ ನಾಲ್ಕು ವಾರ ಹೆಚ್ಚುಕಡಿಮೆ ಮಾಡಬಾರದು. ಅದೇ ಹವೆ, ಅದೇ ಔಷಧಿ, ಹಿಟ್ಟು ಮಾತ್ರ ಇಲ್ಲ. ಕೆಲಸದ ದಿನಗಳಲ್ಲಿ ರಾತ್ರಿಯ ಸಂಖ್ಯೆ 330ರ ಆಸುಪಾಸು. ರಜೆಯ ಐದನೇ ದಿನಕ್ಕೆ 450 ಮುಟ್ಟಿ ಅಲ್ಲೇ ನಿಂತಿತು. ಮರಳಿ ಕೆಲಸಕ್ಕೆ ಹೋದ ಎರಡನೇ ದಿನವೇ ಮತ್ತೆ ಇಳಿಜಾರು. ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಚರ್ಮದ ಅಲರ್ಜಿ ಪರೀಕ್ಷೆಯಲ್ಲಿ ಗೋಧಿಹಿಟ್ಟಿಗೆ ಗುಳ್ಳೆ ಎದ್ದಿತು. ಚಪಾತಿ ಬಿಡಬೇಕೇ ಎಂದು ಹೆಂಡತಿ ಕೇಳಿದರು. ಬೇಡ, ಉಸಿರಿನಲ್ಲಿ ಹೋದರೆ ತೊಂದರೆ ಕೊಡುವ ಗೋಧಿ ತಿಂದರೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಹಿಟ್ಟು ಜರಡಿ ಹಿಡಿಯುವುದನ್ನು ಮಾತ್ರ ಬೇರೆಯವರು ಮಾಡಲಿ.

ಹಿಟ್ಟಿನಿಂದ ಪೂರ್ತಿ ದೂರವಾದರೆ, ಅದೂ ಬೇಗ ದೂರವಾದರೆ, ಗುಣದ ಸಾಧ್ಯತೆ ಹೆಚ್ಚು. ಔಷಧಿ ತೆಗೆದುಕೊಳ್ಳುತ್ತಾ ಅದೇ ದೂಳಿನಲ್ಲಿ ಮುಂದುವರಿದರೆ ಬಿಗಡಾಯಿಸುವ ಸಾಧ್ಯತೆಯೇ ಹೆಚ್ಚು. ಇದನ್ನು ಮುಚ್ಚಿಡದೆ ಹೇಳಬೇಕು. ಆದರೆ ನಲವತ್ನಾಲ್ಕರಲ್ಲಿ ಕೈಗೆ ಹತ್ತಿದ ಒಂದೇ ವಿದ್ಯೆಯನ್ನು ನಾಳೆಯೇ ಬಿಡಿ ಎನ್ನುವುದು ಸಲಹೆಯಲ್ಲ, ಶಿಕ್ಷೆ. ಮುಂದಿನ ಭೇಟಿಗೆ, ಅವರ ಒಪ್ಪಿಗೆ ಪಡೆದು, ಬೇಕರಿ ಯಜಮಾನರನ್ನೂ ಕರೆಸಲಾಯಿತು. ಕಲಸುವ ಮನೆಯಿಂದ ಅವರನ್ನು ಹೊರತಂದು ಪ್ಯಾಕಿಂಗ್, ಆರ್ಡರು, ಕೌಂಟರಿಗೆ ಹಾಕುವುದು, ಸಂಬಳ ಕಡಿಮೆ ಮಾಡದಿರುವುದು ಮೊದಲ ಹೆಜ್ಜೆಯಾಗಿ ಒಪ್ಪಿಗೆಯಾಯಿತು. ಕೌಂಟರಿನಲ್ಲೂ ಸಂಖ್ಯೆ ಇಳಿದರೆ ಆ ಕಟ್ಟಡವನ್ನೇ ಬಿಡಬೇಕಾದೀತು ಎಂಬುದನ್ನೂ ಆಗಲೇ ಹೇಳಲಾಗಿತ್ತು.

ಉಳಿದವರಿಗಾಗಿ ಒಳಗೂ ಕೆಲವು ಬದಲಾವಣೆ. ಮೂಟೆಯನ್ನು ಎತ್ತರದಿಂದ ಸುರಿಯದೆ ಅಂಚನ್ನು ಪಾತ್ರೆಯೊಳಗೇ ಇಟ್ಟು ಬಗ್ಗಿಸುವುದು, ಖಾಲಿ ಚೀಲ ಕೊಡವದೆ ಸುರುಳಿ ಸುತ್ತುವುದು, ಹಿಟ್ಟು ಪೂರ್ತಿ ನೆನೆಯುವವರೆಗೆ ಮಿಕ್ಸರನ್ನು ಮುಚ್ಚಳ ಹಾಕಿ ನಿಧಾನಕ್ಕೆ ತಿರುಗಿಸುವುದು. ಹಲಗೆಯ ಮೇಲೆ ಹಿಟ್ಟು ಎರಚುವ ಬದಲು ಎಣ್ಣೆ ಸವರುವುದು. ನೆಲಕ್ಕೆ ಪೊರಕೆ ಬೇಡ, ಒದ್ದೆ ಬಟ್ಟೆ. ಮುಖಕ್ಕೆ ಕಟ್ಟುವ ಕರ್ಚೀಫು ಹಿಟ್ಟಿನ ದೂಳನ್ನು ತಡೆಯುವುದಿಲ್ಲ. ಸರಿಯಾಗಿ ಕೂರುವ ಎನ್95 ಸ್ವಲ್ಪ ತಡೆಯುತ್ತದೆ, ಆದರೆ ಭಟ್ಟಿಯ ಸೆಕೆಗೆ ಅದು ಅರ್ಧ ಗಂಟೆಯಲ್ಲಿ ಗಲ್ಲಕ್ಕಿಳಿದಿರುತ್ತದೆ. ಕೆಲಸದ ಬಟ್ಟೆಯನ್ನು ಅಲ್ಲೇ ಬಿಚ್ಚಿಟ್ಟು ಮನೆಗೆ ಬರಬೇಕು.

ಔದ್ಯೋಗಿಕ ಅಸ್ತಮಾ ಕಾರ್ಮಿಕರ ಪರಿಹಾರ ಕಾನೂನಿನ ಕಾಯಿಲೆಗಳ ಪಟ್ಟಿಯಲ್ಲಿದೆ. ಇಎಸ್‌ಐ ಕಾರ್ಡಿದ್ದವರು ಪೀಕ್ ಫ್ಲೋ ಹಾಳೆ, ಸ್ಪೈರೋಮೆಟ್ರಿ ವರದಿ, ಕೆಲಸದ ದಾಖಲೆ ಒಂದೇ ಕಡೆ ಇಟ್ಟುಕೊಳ್ಳಲಿ. ನಾಲ್ಕೈದು ಜನರ ಸಣ್ಣ ಬೇಕರಿಗಳಲ್ಲಿ ಆ ಕಾರ್ಡು ಇರುವುದು ಅಪರೂಪ, ಮಂಜಣ್ಣನವರಿಗೂ ಇರಲಿಲ್ಲ.

ಭಾವಮೈದ ಅವರನ್ನು ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿಗೆ, ಮೀನಿನ ಮದ್ದಿಗೆ ಕರೆದೊಯ್ಯಲು ಟಿಕೆಟು ಮಾಡಿಸಿದ್ದರು. ಅದು ಅಸ್ತಮಾ ವಾಸಿಮಾಡುತ್ತದೆ ಎನ್ನಲು ಆಧಾರವಿಲ್ಲ ಎಂದೇ ಹೇಳಲಾಯಿತು. ಹೋಗಿಯೇ ತೀರುತ್ತೇನೆ ಎಂದರೆ ಇನ್‌ಹೇಲರ್ ಒಂದು ದಿನವೂ ನಿಲ್ಲಿಸಬಾರದು, ರೈಲಿನಲ್ಲೂ ಕೈಗೆಟಕುವ ಜೇಬಿನಲ್ಲಿರಬೇಕು. ಲೇಬಲ್ ಇಲ್ಲದ ಪುಡಿ ಮಾತ್ರ ಖಂಡಿತ ಬೇಡ. ಒಂದೇ ದಿನದಲ್ಲಿ ಪವಾಡ ತೋರಿಸುವ ಪುಡಿಗಳಲ್ಲಿ ಸ್ಟೀರಾಯ್ಡ್ ಕದ್ದು ಬೆರೆಸಿರುವುದುಂಟು. ಮೈಕೈ ನೋವಿಗೆ ನುಂಗುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೆಲವು ಅಸ್ತಮಾ ರೋಗಿಗಳಲ್ಲಿ ದಮ್ಮು ಎಬ್ಬಿಸುತ್ತವೆ, ಅದಕ್ಕೇ ಅಂಗಡಿಯಲ್ಲಿ ಮೊದಲೇ ಹೇಳಬೇಕು.

ತುರ್ತಿಗೆ ಒಂದು ಚೀಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಲು ಕೊಡಲಾಯಿತು. ಅವರ ಅತ್ಯುತ್ತಮ ಸಂಖ್ಯೆ 450. 360ರ ಮೇಲಿದ್ದರೆ ಎಂದಿನಂತೆ. 360ಕ್ಕೂ 225ಕ್ಕೂ ನಡುವೆ ಇದ್ದರೆ ಒಂದು ಪಫ್ ಹೆಚ್ಚು, ಕೆಲವು ನಿಮಿಷ ಕಾದು ಬೇಕಿದ್ದರೆ ಇನ್ನೊಂದು. ಒಂದು ಸಲಕ್ಕೆ 6, ದಿನಕ್ಕೆ ಎಲ್ಲ ಸೇರಿ 12 ಮೀರುವಂತಿಲ್ಲ, ಮತ್ತು ಎರಡು ದಿನ ಹೀಗೇ ನಡೆದರೆ ವೈದ್ಯರ ಬಳಿಗೆ. 225ರ ಕೆಳಗೆ ಇಳಿದರೆ, ಅಥವಾ ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ಅಥವಾ ತುಟಿ ನೀಲಿಗಟ್ಟಿದರೆ 108ಕ್ಕೆ ಫೋನು. ಮಲಗಿಸಬೇಡಿ, ಮುಂದಕ್ಕೆ ಬಾಗಿ ಕೂರಿಸಿ, ವಾಹನ ಬರುವವರೆಗೆ ಪಫ್ ಕೊಡುತ್ತಿರಿ. ಸದ್ದು ನಿಂತಿತೆಂದು ನೆಮ್ಮದಿ ಪಡಬೇಡಿ ಎಂಬ ಸಾಲಿಗೆ ಅಡಿಗೆರೆ ಹಾಕಲಾಗಿತ್ತು. ಏದುಸಿರಿನ ನಡುವೆ ಸುಂಯ್ ಸದ್ದು ಅಡಗಿತೆಂದರೆ ಗಾಳಿಯೇ ಆಡುತ್ತಿಲ್ಲ ಎಂದರ್ಥವಿರಬಹುದು.

ಮೂರು ತಿಂಗಳ ಮೇಲೆ ನೋಡಿದಾಗ ರಾತ್ರಿ ಎಚ್ಚರವಾಗುವುದು ನಿಂತಿತ್ತು, ಸಂಖ್ಯೆ 420ರಿಂದ 450ರ ನಡುವೆ. ಹಗುರಾಯಿತೆಂದು ಪಂಪ್ ಬಿಡಬಹುದೇ ಎಂಬುದು ಅವರ ಮೊದಲ ಪ್ರಶ್ನೆ. ವೈದ್ಯರು ಪ್ರಮಾಣ ಇಳಿಸುವುದನ್ನು ಮುಂದಿನ ಸ್ಪೈರೋಮೆಟ್ರಿಯ ನಂತರ ನೋಡೋಣ ಎಂದರು. ಅವರ ಜಾಗದಲ್ಲಿ ಈಗ ಹಿಟ್ಟು ಕಲಸುತ್ತಿರುವುದು ಅಕ್ಕನ ಮಗ, ಹತ್ತೊಂಬತ್ತರ ಹುಡುಗ. ಬೆಳಿಗ್ಗೆ ಮೂಟೆ ಬಿಚ್ಚಿದ ತಕ್ಷಣ ಅವನಿಗೆ ಸೀನು ಶುರುವಾಗುತ್ತದೆ ಎಂದು ಮಂಜಣ್ಣ ಮಾತಿನ ನಡುವೆ ಹೇಳಿದರು. ಆ ಹುಡುಗನನ್ನು ಅದೇ ವಾರ ಮೂಗಿನ ತಪಾಸಣೆಗೂ ಸ್ಪೈರೋಮೆಟ್ರಿಗೂ ಕಳಿಸಲು, ಒಂದು ಪೀಕ್ ಫ್ಲೋ ಹಾಳೆ ಅವನ ಹೆಸರಲ್ಲೂ ಶುರು ಮಾಡಲು ಹೇಳಲಾಯಿತು.