ಕಸೂತಿಗೆ ಬೆಲೆ ಹೇಳುವಾಗ

ಪ್ರಶ್ನೆ: ಅಕ್ಕಾರ, ನಾನು ಧಾರವಾಡದಾಕಿ. ಮದುವ್ಯಾಗಿ ಮುಂಬೈ ಹತ್ರದ ಡೊಂಬಿವಲಿಗೆ ಬಂದು 18 ವರ್ಷ ಆತು. ಅವ್ವ ಕಲಿಸಿದ ಕಸೂತಿ ಕೈಬಿಟ್ಟಿಲ್ಲ. ಬ್ಲೌಸ್ ಪೀಸಿನ ಮ್ಯಾಲೆ ಗೋಪುರ, ತೇರು ಹಾಕಿ ಬಿಲ್ಡಿಂಗಿನವರಿಗೆ 900 ರೂಪಾಯಿಗೆ ಕೊಡ್ತೀನಿ. ಬಟ್ಟಿ, ದಾರ, ಕ್ಯಾನ್ವಾಸ್ ಸೇರಿ 310 ರೂಪಾಯಿ ಖರ್ಚು. ಈಗ ಮುಂಬೈ ಫೋರ್ಟಿನ ಒಂದು ಅಂಗಡಿಯವರು ದಸರಾಕ್ಕ 20 ಪೀಸ್ ಕೇಳ್ಯಾರ, 45 ದಿನದಾಗ. ‘ನಾವು ಮಾರೋ ಬೆಲೆಯ ಅರ್ಧಾ ನಿಮಗ’ ಅಂತಾರ. ಕಾಲಾ ಘೋಡಾದ ಒಂದು ಗ್ಯಾಲರಿಯವರು ‘ತುಳಸಿಕಟ್ಟಿ ಕಸೂತಿಯ ಫ್ರೇಮ್ ಇಟ್ಟುಕೋತೀವಿ, ಮಾರಿದ ಮ್ಯಾಲೆ 40 ಪರ್ಸೆಂಟ್ ನಮಗ’ ಅಂದಾರ. 900ಕ್ಕ ಅರ್ಧಾ ಅಂದ್ರ 450! ದಿನಾ ಮಧ್ಯಾಹ್ನ ನಾಲ್ಕು ತಾಸು ಕೂಡ್ತೀನಿ. ಏನು ಬೆಲಿ ಹೇಳ್ಲಿ?

ಉತ್ತರ: ತಂಗೀ, 900ರ ಅರ್ಧ ಎಂಬ ಲೆಕ್ಕವನ್ನು ಮೊದಲು ತಲೆಯಿಂದ ತೆಗೆಯಿರಿ. ಬಟ್ಟೆಗೆಷ್ಟು, ದಾರಕ್ಕೆಷ್ಟು ಎಂದು ಬರೆದಿದ್ದೀರಿ, ಒಂದು ಪೀಸಿಗೆ ಎಷ್ಟು ತಾಸು ಎಂದು ಬರೆದಿಲ್ಲ. ಮೂವತ್ತು ವರ್ಷ ಮಾಟುಂಗಾದ ಇದೇ ಕಿಟಕಿಯ ಬಳಿ ಕಸೂತಿ ಹಾಕಿದವಳು ನಾನು. ಒಮ್ಮೆ ಗಡಿಯಾರ ಎದುರಿಟ್ಟುಕೊಂಡು ಬೆನ್ನಿಗೊಂದು ಗೋಪುರ, ಎರಡೂ ತೋಳಿಗೆ ಅಂಚು ಹಾಕಿ ನೋಡಿದೆ. ಹೊಲಿಗೆಗೆ 14 ತಾಸು, ಎಳೆ ಎಣಿಸಲೆಂದು ಬಟ್ಟೆಯ ಮೇಲೆ ಕೂಡಿಸಿದ್ದ ಕ್ಯಾನ್ವಾಸಿನ ಎಳೆ ಬಿಡಿಸಲು 2 ತಾಸು ಹಿಡಿಯಿತು. ಆ ಎರಡು ತಾಸನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೊಸ ಹೊಲಿಗೆ ಜಗ್ಗದಂತೆ ಒಂದೊಂದೇ ಎಳೆ ಹಿಡಿದು ಎಳೆಯುವಾಗ ಕಣ್ಣು ಎಷ್ಟು ಸೋಲುತ್ತದೆಂದು ನಿಮಗೆ ಗೊತ್ತಿದೆ.

310 ಕಳೆದರೆ 900ರಲ್ಲಿ ಉಳಿಯುವುದು 590. ಅದನ್ನು 16 ತಾಸಿಗೆ ಹಂಚಿ ನೋಡಿ, ತಾಸಿಗೆ 37 ರೂಪಾಯಿಯೂ ಪೂರ್ತಿ ಬೀಳುವುದಿಲ್ಲ. ಅದೇ ಬ್ಲೌಸ್ ಹೊಲಿಯುವ ನಿಮ್ಮ ಟೇಲರ್ ಈ ಕೂಲಿಗೆ ಮಷೀನ್ ತುಳಿಯುತ್ತಾನೆಯೇ? ನಿಮ್ಮದೋ ಪಡಿಯಚ್ಚು ಇಲ್ಲದೆ ಎಳೆ ಎಣಿಸಿ ಹಾಕುವ ಕೆಲಸ. ಗವಂತಿ ಎಂಬ ಹೊಲಿಗೆಯಲ್ಲಿ ನಡುನಡುವೆ ಜಾಗ ಬಿಡುತ್ತಾ ಹೋಗಿ, ಬಿಟ್ಟ ಜಾಗ ತುಂಬುತ್ತಾ ಹಿಂದಿರುಗಬೇಕು. ಎಲ್ಲೂ ಗಂಟು ಹಾಕುವಂತಿಲ್ಲ, ಮೇಲೂ ಕೆಳಗೂ ಒಂದೇ ಥರ ಕಾಣಬೇಕು. ಒಂದು ಎಳೆ ತಪ್ಪಿದರೆ ಗೋಪುರದ ಕಳಸ ಕೂಡುವುದಿಲ್ಲ, ಪೂರ್ತಿ ಬಿಚ್ಚಬೇಕು.

ತಾಸಿಗೆ 75 ರೂಪಾಯಿ ಹಿಡಿಯಿರಿ. ನನ್ನ ಮಟ್ಟಿಗೆ ಅದೂ ಕಡಿಮೆಯೇ. 16 ತಾಸಿಗೆ 1,200, ಸಾಮಾನು 310, ಒಟ್ಟು 1,510. ಸೂಜಿ, ಲೈಟು, ಲೋಕಲ್ ಟ್ರೇನಿನ ಖರ್ಚು, ಕೆಟ್ಟುಹೋಗುವ ಪೀಸು ಇವಕ್ಕೆಲ್ಲ ನೂರಕ್ಕೆ ಹತ್ತು ಸೇರಿಸಿದರೆ ಸುಮಾರು 1,660. ಅಂಗಡಿಗೆ ನೀವು ಕೊಡುವ ಬೆಲೆ ಇದು. ಅವರು 3,320ಕ್ಕೆ ಮಾರಿಕೊಳ್ಳಲಿ. ಅವರು ದುಪ್ಪಟ್ಟು ಹಾಕುತ್ತಾರೆಂದು ಬೇಸರ ಬೇಡ, ಫೋರ್ಟಿನ ಬಾಡಿಗೆ, ಕೆಲಸದವರ ಸಂಬಳ ಎಲ್ಲ ಅದರಲ್ಲೇ ಹುಟ್ಟಬೇಕು.

‘ಅಷ್ಟಕ್ಕೆ ಹೋಗಲ್ಲ’ ಎಂದರೆ ಕೂಲಿ ಇಳಿಸಬೇಡಿ, ಕೆಲಸ ಇಳಿಸಿ. ತೋಳಿಗೆ ಮಾತ್ರ ಸಣ್ಣ ಅಂಚು ಹಾಕಿದರೆ ಎಲ್ಲ ಸೇರಿ 6 ತಾಸು. ಕೂಲಿ 450, ಸಾಮಾನು 290, ಮೇಲೆ ಹತ್ತು ಪರ್ಸೆಂಟ್ ಸೇರಿ 810ರ ಹತ್ತಿರ ಬರುತ್ತದೆ. ಅಂಗಡಿಯಲ್ಲಿ ಅದು 1,620ಕ್ಕೆ ಕೂರುತ್ತದೆ.

ಇನ್ನು ಬಿಲ್ಡಿಂಗಿನವರು. ಫೋರ್ಟಿನಲ್ಲಿ 3,320 ಇರುವುದನ್ನು ನೀವು ಮನೆಯಲ್ಲಿ 900ಕ್ಕೆ ಕೊಡುತ್ತಿದ್ದರೆ ಅಂಗಡಿಯವರು ಮತ್ತೆ ನಿಮ್ಮ ಮಾಲು ಮುಟ್ಟುವುದಿಲ್ಲ. ಸಂಘದ ಪ್ರದರ್ಶನದಲ್ಲೂ ಅಂಗಡಿ ಬೆಲೆಯನ್ನೇ ಹೇಳಿ. ಹತ್ತಿರದವರಿಗೆ ಹತ್ತು ಪರ್ಸೆಂಟ್ ಬಿಡಿ, ಅದಕ್ಕಿಂತ ಬೇಡ. ಮೊದಮೊದಲು ಮುಖ ನೋಡಿ ಹೇಳಲು ಸಂಕೋಚವಾಗುತ್ತದೆ, ನನಗೂ ಆಗಿತ್ತು.

ಗ್ಯಾಲರಿಯ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಫ್ರೇಮಿನ ಖರ್ಚೂ ಸೇರಿ ನಿಮ್ಮ ಕೈಗೆ 3,000 ಬರಬೇಕು ಎನ್ನಿ. ಅದಕ್ಕೆ 40 ಪರ್ಸೆಂಟ್ ಸೇರಿಸಿ 4,200 ಚೀಟಿ ಅಂಟಿಸಿದರೆ ಅವರು 4,200ರ ಮೇಲೆ 1,680 ಹಿಡಿಯುತ್ತಾರೆ, ನಿಮಗೆ 2,520. ಹಾಗಲ್ಲ, ನಿಮ್ಮ ಪಾಲು ನೂರಕ್ಕೆ 60 ಆದ್ದರಿಂದ 3,000ವನ್ನು 0.6ರಿಂದ ಭಾಗಿಸಿ. ಚೀಟಿಯ ಮೇಲೆ 5,000 ಇರಬೇಕು.

ಬರಹದಲ್ಲಿ ಇಲ್ಲದೆ ಅಲ್ಲಿ ಏನೂ ಇಡಬೇಡಿ. ನಾನು ಒಮ್ಮೆ ಮಾತಿನ ಮೇಲೆ ಒಂದು ಅಂಗಡಿಯಲ್ಲಿ ನಾಲ್ಕು ಕೌದಿ ಇಟ್ಟೆ, ಎಲ್ಲ ಅಜ್ಜಿಯ ಹಳೇ ಇಳಕಲ್ ಸೀರೆಗಳವು. ಎಂಟು ತಿಂಗಳ ಮೇಲೆ ವಾಪಸ್ ಬಂದಾಗ ಶೋಕೇಸಿನ ಬಿಸಿಲಿಗೆ ಮಡಿಕೆಯುದ್ದಕ್ಕೂ ಕೆಂಪು ಬಣ್ಣ ಹಾರಿತ್ತು. ಚೀಟಿ ಇರಲಿಲ್ಲ, ಯಾರನ್ನು ಏನೆಂದು ಕೇಳಲಿ? ಆ ಸೀರೆಗಳು ಮತ್ತೆ ಸಿಗುವವಲ್ಲ. ಎರಡು ಪ್ರತಿ ಮಾಡಿ ಪ್ರತಿ ಫ್ರೇಮಿನ ವಿವರ, ಬೆಲೆ, ಅವರ ಪಾಲು, ಮಾರಿದ ಎಷ್ಟು ದಿನಕ್ಕೆ ಹಣ, ಮಾರದಿದ್ದರೆ ವಾಪಸ್ ಯಾವಾಗ, ಕೆಟ್ಟರೆ ಯಾರ ಹೊಣೆ ಎಂಬುದನ್ನು ಬರೆಸಿ ಸಹಿ ಹಾಕಿಸಿಕೊಳ್ಳಿ.

ಅಂಗಡಿಯವರದ್ದು ನೇರ ಖರೀದಿ, ಆದ್ದರಿಂದ ಮಾಲು ಕೊಡುವ ಮೊದಲೇ ಉದ್ಯಮ್, ಅಂದರೆ ಸಣ್ಣ ಉದ್ಯಮಗಳಿಗಿರುವ ಸರ್ಕಾರಿ ನೋಂದಣಿ ಮಾಡಿಸಿ. ಆನ್‌ಲೈನಿನಲ್ಲಿ ಆಗುತ್ತದೆ, ಶುಲ್ಕವಿಲ್ಲ. 2006ರ ಎಂಎಸ್ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಸಣ್ಣ ಉತ್ಪಾದಕರಿಗೆ ಹಣ ಕೊಡುವ ಗಡುವು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ.

ಕೊನೆಗೆ ಆ 20 ಪೀಸ್. ಪೂರ್ತಿ ಕೆಲಸದವು 20 ಎಂದರೆ 320 ತಾಸು. 45 ದಿನಕ್ಕೆ ನಿಮ್ಮ ಬಳಿ ಇರುವುದು 180. ನಡುವೆ ಗಣಪತಿ ಬಂದರೆ ಮನೆತುಂಬ ಜನ, ಸೂಜಿ ಹಿಡಿಯಲು ಆಗುವುದಿಲ್ಲ. 20ರ ಬದಲು 18 ಸಾಕು, ಪೂರ್ತಿ ಕೆಲಸದವು 4, ತೋಳಿನವು 14 ಎಂದು ಒಪ್ಪಿಕೊಳ್ಳಿ, 148 ತಾಸಿನಲ್ಲಿ ಮುಗಿಯುತ್ತದೆ. ಬಟ್ಟೆ, ದಾರಕ್ಕೆಂದು ಅರ್ಧ ಮುಂಗಡ ಕೇಳಿ.