ಹೊಸ ಕಾಕಟೀಲ್ ಗಿಳಿ ಕೈ ಕಂಡರೆ ಹೆದರುತ್ತದೆ, ಪಳಗಿಸುವುದು ಹೇಗೆ?

ಮಡಿಕೇರಿಯ ಮನೆಗೆ ಹೊಸದಾಗಿ ತಂದ ಕಾಕಟೀಲ್ ಕೈ ಕಂಡ ಕೂಡಲೇ ಮೂಲೆ ಸೇರುತ್ತದೆ ಅಂದಿದ್ದೀರಿ. ಮೊದಲು ಪಂಜರದೊಳಗೆ ಕೈ ಹಾಕಿ ಹಿಡಿಯುವುದನ್ನು ನಿಲ್ಲಿಸಿ. ಪಂಜರದ ಒಂದು ಬದಿ ಗೋಡೆಗೆ ತಾಗಿರಲಿ. ಹಿಂದಿನಿಂದ ಯಾರೂ ಬರಲ್ಲ ಅನ್ನೋ ಧೈರ್ಯ ಅದಕ್ಕೆ ಬೇಕು. ದಿನಾ ಪಕ್ಕದಲ್ಲಿ ಸುಮ್ನೆ ಕೂತು ಮೆಲ್ಲಗೆ ಮಾತಾಡಿ.

ಜುಟ್ಟನ್ನು ಗಮನಿಸಿ. ಅದನ್ನು ತಲೆಗೆ ಅಂಟಿಸಿಕೊಂಡು ಬುಸ್ ಅಂದರೆ ಹೆದರಿದೆ, ಹಿಂದೆ ಸರಿಯಿರಿ. ಜುಟ್ಟು ಸಡಿಲವಾಗಿದ್ದು ಕೊಕ್ಕನ್ನು ಕರಕರ ಮಸೆಯುತ್ತಿದ್ದರೆ ನೆಮ್ಮದಿಯಾಗಿದೆ. ಹೀಗೆ ನೆಮ್ಮದಿಯಾಗಿರಲು ಶುರು ಮಾಡಿದ ಮೇಲೆ ನವಣೆ ತೆನೆಯನ್ನು ಸರಳುಗಳ ನಡುವೆ ಹಿಡಿಯಿರಿ. ತಾನಾಗಿ ಬಂದು ತಿನ್ನಲಿ. ದಿನ ಕಳೆದಂತೆ ತೆನೆಯನ್ನು ಚಿಕ್ಕದು ಮಾಡುತ್ತಾ ಹೋಗಿ, ಕೊನೆಗೆ ಕಾಳು ಅಂಗೈಯಲ್ಲಿರಲಿ. ವಾರಗಳೇ ಹಿಡಿಯಬಹುದು. ಟವೆಲ್ ಸುತ್ತಿ ಪಳಗಿಸಿ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ, ಬಂದ ನಂಬಿಕೆಯೂ ಹೋಗುತ್ತದೆ.

ಕೊಡಗಿನ ಮನೆಗಳಲ್ಲಿ ಒಂದು ಎಚ್ಚರ ಜಾಸ್ತಿ ಬೇಕು. ತೋಟದ ಬೆಣ್ಣೆಹಣ್ಣು, ಕಾಫಿ ಎರಡೂ ಗಿಳಿಗೆ ವಿಷ. ಮಳೆಗಾಲದಲ್ಲಿ ಪಂಜರ ಕಿಟಕಿ ಬಳಿ ಬೇಡ, ಒಲೆಯ ಹೊಗೆಯೂ ಆಗದು.

ಇನ್ನು, ಜೊತೆಗಿರಲಿ ಅಂತ ತೋಟದ ಕಾಡುಗಿಳಿ ಮರಿ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.